ಕಬ್ಬಿನ ನಡುವಿನ ದಾರಿ

ನವೆಂಬರ್ 4, ಸೋಮವಾರ
ಮತ್ತೆ ಐದಕ್ಕೇ ಎಚ್ಚರ. ಹಿಂದಿನ ಮನೆಯಲ್ಲಿ, ಕುಂಬಾರಕೊಪ್ಪಲಿನಲ್ಲಾದರೆ, ಇಷ್ಟು ಹೊತ್ತಿಗೆ ಹಾಲಿನ ಆಟೋ, ಎದುರು ಮನೆಯ ಮೋಟಾರು, ಯಾರದೋ ಜಗಳ. ಇಲ್ಲಿ ನನ್ನ ಬಳೆಯ ಸದ್ದೇ ದೊಡ್ಡದು. ನಮ್ಮವರು, ಯೋಗೇಂದ್ರ, ಇನ್ನೂ ಮಲಗಿದ್ದಾರೆ. ಮಲಗಲಿ. ಅಲ್ಲಿ ಕೆಳಗಿನ ವೆಲ್ಡಿಂಗ್ ಶಾಪಿನ ಗಲಾಟೆಗೆ ನಿದ್ದೆ ಕೆಟ್ಟೂ ಕೆಟ್ಟೂ ಫಿಟ್ಸ್ ಹೆಚ್ಚಾಗಿತ್ತು. 'ಮಾತ್ರೆ ಒಂದೇ ಸಾಲದು, ನಿದ್ದೆ ಬೇಕು' ಅಂದಿದ್ದರು ಡಾಕ್ಟರ್. ಅದಕ್ಕೇ ಜಯಪುರದಾಚೆಯ ಈ ತೋಟದ ಮನೆ. ಬಂದ ಮೇಲೆ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಹೇಳಿದರೆ ದೃಷ್ಟಿ ಆದೀತು... ಮಗಳು ಹರ್ಷಿತಾಗೆ ಸ್ಕೂಲಿನ ಡಬ್ಬಿ ಕಟ್ಟಬೇಕು.

ನವೆಂಬರ್ 7
ಪಕ್ಕದ ತೋಟದ ಪುಟ್ಟಮಾದಮ್ಮ ಬಂದಿದ್ದರು. "ನಮ್ ಕರಿ ಮೇಕೆ ಕಂಡ್ಯೇನವ್ವ?" ಕಂಡಿರಲಿಲ್ಲ. ಸಂಜೆ ಮತ್ತೆ ಬಂದರು. ಕಬ್ಬಿನ ಅಂಚಿನಲ್ಲಿ ರಕ್ತ ಸಿಕ್ಕಿತಂತೆ.
"ಚಿರತೆ ಕಣವ್ವ. ಆ ಕಡೆ ಕಬ್ಬು ಕಡೀತಾವ್ರೆ, ಈ ಕಡೀಕ್ ಬಂದದೆ."
ಬೀದಿನಾಯಿಯ ವಿಷಯ ಹೇಳಿದ ಹಾಗೆ ಹೇಳಿದರು. ಹರ್ಷಿತಾ ದಿನವೂ ಬಸ್ಸಿಳಿದು ಆ ಕಬ್ಬಿನ ನಡುವೆಯೇ ನಡೆದು ಬರುತ್ತಾಳೆ.
"ಮಗೀನ ಒಂಟಿಯಾಗಿ ಬುಡಬ್ಯಾಡ. ಸದ್ದು ಮಾಡ್ಕಂಡು ಓಗು."

ನವೆಂಬರ್ 12
ಅರಣ್ಯ ಇಲಾಖೆಯವರು ಬೋನು ಇಟ್ಟರು. ಒಳಗೆ ಒಂದು ನಾಯಿ. ಅದರ ಕೂಗು ಇಲ್ಲಿಯವರೆಗೂ ಕೇಳಿಸುತ್ತದೆ.
ದಿನವೂ ಸ್ಟೀಲ್ ತಟ್ಟೆ, ಸೌಟು ಹಿಡಿದು ಬಸ್ ಸ್ಟಾಪಿಗೆ ಹೋಗುತ್ತೇನೆ, ಬಡಿಯುತ್ತಾ. ಹರ್ಷಿತಾಗೆ ನಾಚಿಕೆ. "ಅಮ್ಮ, ಬಸ್ಸಲ್ಲಿರೋರೆಲ್ಲ ನೋಡ್ತಾರೆ." ನೋಡಲಿ. ಸದ್ದು ಬೇಡವೆಂದೇ ಬಂದವರು ನಾವು.
"ರೀ, ವಾಪಸ್ ಹೋಗೋಣ" ಅಂದೆ ಇವರಿಗೆ.
"ಹೋಗೋಣ ಮಂಜು. ನಿಂಗೆ ಭಯ ಅಂದ್ರೆ ಹೋಗೋಣ."
ಜಗಳವಾಡಿದ್ದರೆ ಚೆನ್ನಾಗಿತ್ತು. ಅಲ್ಲಿ ಅಡುಗೆಮನೆಯಲ್ಲಿ ಇವರು ಸಿಲಿಂಡರಿಗೂ ಗೋಡೆಗೂ ನಡುವೆ ಬಿದ್ದು ಒದ್ದಾಡಿದ್ದು ಕಣ್ಣ ಮುಂದೆ ಬಂತು. ಕಚ್ಚಿಕೊಂಡ ನಾಲಿಗೆ, ಆ ರಕ್ತ. ಯಾವ ಭಯವನ್ನು ಆರಿಸಿಕೊಳ್ಳಲಿ? "ನೋಡೋಣ" ಅಂದುಬಿಟ್ಟೆ.

ನವೆಂಬರ್ 14, ಸಂಜೆ
ಈಗಲೇ ಬರೆದುಬಿಡುತ್ತೇನೆ.
ಬಸ್ಸು ಬೇಗ ಬಂದಿತ್ತು. ಹರ್ಷಿತಾ ಕಾಯದೆ ನಡೆದು ಬರುತ್ತಿದ್ದಳು. ತಿರುವಿನಲ್ಲಿ ಕಂಡಳು. ಕೈ ಎತ್ತಿದೆ. ಆಗ ಎಡಗಡೆಯ ಕಬ್ಬಿನಿಂದ ಅದು ಬಂತು. ನಮ್ಮಿಬ್ಬರ ನಡುವೆ ನಿಂತಿತು. ಅವಳನ್ನೇ ನೋಡುತ್ತಿತ್ತು, ನನ್ನನ್ನಲ್ಲ.
ತಟ್ಟೆ ಕೈಯಲ್ಲಿತ್ತು. ಸೌಟೂ ಇತ್ತು. ಬಡಿಯಲಿಲ್ಲ. ಬಾಯಿ ತೆರೆದೆ — ಸ್ವರವೇ ಇಲ್ಲ.
ಹರ್ಷಿತಾ ಬ್ಯಾಗನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟಳು. "ಹೋಗು... ಹೋಗು..." ಎಂದು ಅವಳೇ ಕೂಗಿದಳು. ಗಂಟಲು ಒಡೆದಿತ್ತು. ತನ್ನದೇ ಏನೋ ಕೆಲಸವಿದ್ದ ಹಾಗೆ ಅದು ಬಲಗಡೆಯ ಕಬ್ಬಿಗೆ ಇಳಿಯಿತು. ಆಮೇಲೂ ನಾನು ನಿಂತೇ ಇದ್ದೆ. ಅವಳೇ ಬಂದು ನನ್ನ ಕೈ ಹಿಡಿದುಕೊಂಡಳು.
ಮನೆಗೆ ಬಂದ ಮೇಲೆ, "ಅಮ್ಮ, ನೀನ್ಯಾಕೆ ಕೂಗ್ಲಿಲ್ಲ?"
ದೂರಲಿಲ್ಲ. ಸುಮ್ಮನೆ ಕೇಳಿದಳು.

ನವೆಂಬರ್ 25
ಇಷ್ಟು ದಿನ ಬರೆಯಲಾಗಲಿಲ್ಲ. ಕೂತರೆ ಅದೇ ದಾರಿ.
ಹರ್ಷಿತಾಳನ್ನು ಕೃಷ್ಣಮೂರ್ತಿಪುರಂಗೆ, ನನ್ನ ತಂಗಿ ವಿಭಾ ಮನೆಗೆ ಕಳಿಸಿದ್ದೇವೆ. ಸ್ಕೂಲಿಗೆ ಅಲ್ಲಿಂದಲೇ.
ನಿನ್ನೆ ಚಿರತೆ ಬೋನಿಗೆ ಬಿತ್ತು. ಮೊಬೈಲ್ ಹಿಡಿದು ಊರೇ ಬಂದಿತ್ತು. ಕಂಬಿಗೆ ಹಣೆ ಚಚ್ಚಿಕೊಂಡು ರಕ್ತ ಮಾಡಿಕೊಂಡಿತ್ತು. ನೋಡಲಾಗಲಿಲ್ಲ.
ಫಾರೆಸ್ಟ್ ಗಾರ್ಡ್ ಹೇಳಿದ್ದು ಮಾತ್ರ ಕಿವಿಯಲ್ಲೇ ಇದೆ. "ಇದಿನ್ನೂ ಮರಿ ಕಣಮ್ಮ. ತಾಯಿ ಇಲ್ಲೇ ಎಲ್ಲೋ ಇರುತ್ತೆ. ಹುಷಾರು."
ಸಂಜೆ ಹರ್ಷಿತಾ ಫೋನ್ ಮಾಡಿದಳು. "ಅಪ್ಪ ಅಲ್ಲಿ ಚೆನ್ನಾಗಿ ನಿದ್ದೆ ಮಾಡ್ತಾರಲ್ವಾ? ಅಲ್ಲೇ ಇರೋಣ. ನಾನು ಗುರುವಾರ ಬರ್ತೀನಿ."
ನಾನು ಬೇಡ ಅನ್ನಲಿಲ್ಲ. ಈಗ ಚಿರತೆಗಿಂತ ನನ್ನ ಬಗ್ಗೆಯೇ ಭಯ. ಇನ್ನೊಮ್ಮೆ ಎದುರಾದರೂ ನಾನು ಹಾಗೆಯೇ ನಿಂತುಬಿಟ್ಟರೆ?

ನವೆಂಬರ್ 28, ಗುರುವಾರ ಮಧ್ಯಾಹ್ನ
ಹರ್ಷಿತಾಳನ್ನು ಬಸ್ ಸ್ಟಾಪಿನಿಂದ ಕರೆತರಲು ರಜೆ ಹಾಕಿ ಬರುತ್ತೇನೆ ಅಂದರು ಇವರು. ಬೇಡ, ನಾನೇ ಹೋಗುತ್ತೇನೆ ಅಂದೆ. ಯಾಕೆ ಅಂದೆನೋ.
ಊಟ ಸೇರಲಿಲ್ಲ. ಹಿತ್ತಲಲ್ಲಿ ನಿಂತು ಕೂಗಿ ನೋಡಿದೆ. ಮೊದಲು ಬರೀ ಗಾಳಿ. ಮತ್ತೆ ಕೂಗಿದೆ. ಆಮೇಲೆ ಗಂಟಲು ಹರಿಯುವ ಹಾಗೆ ಬಂತು, ನನಗೇ ಗುರುತು ಸಿಗದ ಸ್ವರ. ಪುಟ್ಟಮಾದಮ್ಮ ಕುಡುಗೋಲು ಹಿಡಿದು ಓಡಿ ಬಂದರು.
"ಏನವ್ವ, ಏನಾಯ್ತು?"
"ಏನಿಲ್ಲ ಅಕ್ಕ. ಕೂಗೋಕೆ ಬರುತ್ತಾ ಅಂತ ನೋಡ್ದೆ."
ನಗಲಿಲ್ಲ ಆಕೆ. ಕುಡುಗೋಲು ಕೆಳಗಿಟ್ಟು ಉಸಿರು ತೆಗೆದುಕೊಂಡರು. "ಕೂಗು. ನಾನಿಲ್ಲೇ ಇವ್ನಿ."
ಅವರೂ ಜೊತೆಗೆ ಕೂಗಿದರು. ಇಬ್ಬರು ಹೆಂಗಸರು, ಬಯಲಿನಲ್ಲಿ...
ಇನ್ನೂ ಹೊತ್ತಿದೆ. ಇಲ್ಲಿಂದ ಕಾಣುವ ದಾರಿಯ ಎಡಗಡೆಯ ಕಬ್ಬು ಇನ್ನೂ ಕಡಿದಿಲ್ಲ. ಗಾಳಿಯಿಲ್ಲ, ಆದರೂ ಅಲ್ಲಿ ಗರಿ ಅಲ್ಲಾಡಿದ ಹಾಗೆ —
ಹಾರನ್. ಬಸ್ಸು ಬಂದೇ ಬಿಟ್ಟಿತು. ತಟ್ಟೆ, ಸೌಟು ಪಕ್ಕದಲ್ಲೇ ಇವೆ. ಇಲ್ಲಿಂದಲೇ ಕೂಗುತ್ತಾ ಹೊರಟೆ.