ರೆಕ್ಕೆ ಜೋಡಿಸಿದ ಕೈ

11-11-91, ಸೋಮವಾರ

ಚಹಾ ಆಯಿತು. ಒಂಬತ್ತಕ್ಕೆ ಕೋಣೆಯಲ್ಲಿ ಕುಳಿತೆ. ಇವತ್ತು ಮಾದರಿ ವಿಮಾನದ ಎಡರೆಕ್ಕೆಯ ಐದನೆಯ ರಿಬ್, ಅಂದರೆ ಅಡ್ಡಪಕ್ಕೆ. ಬೆರಳಗಲದ ಬಾಲ್ಸಾ ಕಟ್ಟಿಗೆಯ ಪಟ್ಟಿ, ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ನಾಲ್ಕನೆಯದನ್ನು ನಿನ್ನೆ ಅಂಟಿಸಿದ್ದೆ. ಎದ್ದು ಬರುವಾಗ ಬೆರಳಾಡಿಸಿದರೆ ಉಗುರು ಹೋಗುವಷ್ಟು ಸಂದಿತ್ತು. ಇರಲಿ, ನಾಳೆ ಬಿಡಿಸಿ ಹಚ್ಚೋಣ ಎಂದುಕೊಂಡಿದ್ದೆ. ಇವತ್ತು ನೋಡಿದರೆ ಸಂದಿಲ್ಲ. ಅಂಟು ಒಣಗುವಾಗ ಜಗ್ಗಿರಬಹುದೇ? ಅಂಟು ಹಾಗೆ ಜಗ್ಗುವುದನ್ನು ನಾನಂತೂ ಕಂಡಿಲ್ಲ.

14-11-91

ದಶರಥ ಬಂದಿದ್ದ. ಬಜಾರದಲ್ಲಿ ರೇಡಿಯೋ ರಿಪೇರಿ ಅಂಗಡಿ. ವಿಮಾನದೊಳಗೆ ಕೂಡಿಸುವ ರೇಡಿಯೋ ರಿಸೀವರ್ ಪರೀಕ್ಷೆ ಮಾಡಿ ತರುತ್ತೇನೆಂದು ಒಯ್ದ. ಜಪಾನಿನ ಮಾಲು. ಲಗಮಣ್ಣ — ನನ್ನ ಹಳೆಯ ವಿದ್ಯಾರ್ಥಿ, ಈಗ ಹಡಗಿನ ಮೇಲೆ ನೌಕರಿ — ರಿಟೈರ್ ಆದ ಮಾಸ್ತರಿಗೆ ಬೇಸರ ಬರಬಾರದೆಂದು ಇಡೀ ಕಿಟ್ ಪ್ರೀತಿಯಿಂದ ಕಳಿಸಿದ್ದು. ನೆಲದಿಂದಲ್ಲ, ನೀರಿನಿಂದ ಏಳುವ ವಿಮಾನ. ಗಾಲಿಯ ಬದಲು ದೋಣಿಯಂಥ ಎರಡು ಫ್ಲೋಟ್.

"ಎಂಟ ದಿನದಾಗ ತರ್ತೇನ್ರಿ ಮಾಸ್ತರ" ಅಂದ. ಪರೀಕ್ಷೆಗೆ ಎಂಟು ದಿನ ಯಾಕೆ? ಒಳಗಿನ ಭಾಗ ಬದಲಾಯಿಸಿದರೆ ನನಗೇನು ತಿಳಿಯುತ್ತದೆ?

ಐದನೆಯ ರಿಬ್ಬೂ ಬದಲಾಗಿದೆ. ನೆಟ್ಟಗೆ ನಿಂತಿದೆ. ನಾನು ಹಚ್ಚಿದ್ದು ಹಾಗೆ ಇರಲಿಲ್ಲ.

15-11-91

ಗುರುತು ಹಾಕಿದೆ. ಆರನೆಯ ರಿಬ್ ಅಂಟಿಸಿ, ಅದರ ಬುಡಕ್ಕೆ ಸರಿಯಾಗಿ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಕೊರೆದೆ. ಯಾರಿಗೂ ಹೇಳಿಲ್ಲ.

16-11-91, ಮಧ್ಯಾಹ್ನ

ಭೂತಗನ್ನಡಿ ಹಿಡಿದು ನೋಡಿದೆ. ಗೆರೆಗೂ ರಿಬ್ಬಿಗೂ ಒಂದು ನೂಲಿನಷ್ಟು ಅಂತರ. ಕಿಟ್ಟಿನ ಅಂಟು ಹಳದಿ. ಇಲ್ಲಿ ಬುಡದಲ್ಲಿ ಬಿಳಿ ಅಂಟಿನ ಹನಿ.

ದಶರಥ ಎರಡು ದಿನದಿಂದ ಇತ್ತ ಬಂದಿಲ್ಲ. ಅಂದರೆ ಮನೆಯವರೇ. ಮನೆಯಲ್ಲಿ ಇರುವುದು ಹೆಂಡತಿ ಶಿವವ್ವ, ಮಗ ರೇವಪ್ಪ, ಸೊಸೆ ಇಂದ್ರವ್ವ. ಶಿವವ್ವನಿಗೆ ಈ ಕಟ್ಟಿಗೆ ಕಂಡರೆ ಸಿಟ್ಟು, ಮುಟ್ಟುವವಳಲ್ಲ.

ರೇವಪ್ಪ ಕಳೆದ ತಿಂಗಳು ಈ ಕೋಣೆ ಕೇಳಿದ್ದ. ಹೊಸದಾಗಿ ಲಗ್ನ ಆದವರು, ಬೇಕಾಗುತ್ತದೆ, ನಿಜ. ವಿಮಾನ ಮುಗಿಯಲಿ ಎಂದಿದ್ದೆ. ಬೇಸತ್ತು ನಾನೇ ಬಿಟ್ಟುಬಿಡಲಿ ಎಂದು ಹೀಗೆ ಕೆಡಿಸುತ್ತಿದ್ದಾರೋ? ಗಂಡ ಬ್ಯಾಂಕಿಗೆ ಹೋದಮೇಲೆ ಇಡೀ ಮಧ್ಯಾಹ್ನ ಸೊಸೆ ಮನೆಯಲ್ಲೇ. ನಾನು ವಾಚನಾಲಯದಲ್ಲಿ.

18-11-91

ಕೋಣೆಗೆ ಕೀಲಿ ಹಾಕಿದೆ.

"ಮನ್ಯಾಗಿನ ಕೋಣಿಗೆ ಕೀಲಿ ಹಾಕ್ತಾರೇನ್ರಿ?" ಅಂದಳು ಶಿವವ್ವ.

"ಹಾಕ್ತಾರ."

"ಎದಕ್ಕ?"

"ಇಲಿ ಬರಾಕತ್ತಾವ."

ಅವಳು ನಗಲಿಲ್ಲ. ಒಳಗೆ ಹೋಗಿ ಸೊಸೆಯ ಹತ್ತಿರ ಏನೋ ಪಿಸುಗುಟ್ಟಿದಳು. ಕೇಳಿಸಲಿಲ್ಲ.

2-12-91

ಹದಿನೈದು ದಿನ ಬರೆದಿಲ್ಲ. ಕೀಲಿ ಇದ್ದರೂ ನಡೆದೇ ಇದೆ. ಇನ್ನೊಂದು ಕೀಲಿಕೈ ಶಿವವ್ವನ ಟ್ರಂಕಿನಲ್ಲಿತ್ತು — ನನಗೆ ನೆನಪೇ ಇರಲಿಲ್ಲ. ಎರಡೂ ರೆಕ್ಕೆ ಮುಗಿದವು. ನಾನು ಮುಗಿಸಿದೆನೋ, ಅವರು ಮುಗಿಸಿದರೋ.

ಇವತ್ತು ವಾಚನಾಲಯಕ್ಕೆಂದು ಹೊರಟು, ಅರ್ಧ ದಾರಿಯಿಂದ ತಿರುಗಿ ಬಂದೆ. ಕೋಣೆಯ ಬಾಗಿಲು ತೆರೆದಿತ್ತು. ಇಂದ್ರವ್ವ ಬೆಳಕಿಗೆ ಬೆನ್ನು ಹಾಕಿ ಕುಳಿತಿದ್ದಳು. ಬಲಗಡೆಯ ಫ್ಲೋಟ್ ತೊಡೆಯ ಮೇಲೆ, ಕೈಯಲ್ಲಿ ಬ್ಲೇಡು. ನಾನು ನಿನ್ನೆ ಅಂಟಿಸಿದ್ದನ್ನು ಬಿಡಿಸುತ್ತಿದ್ದಳು.

ರೇವಪ್ಪ ಬರಲಿ ಎಂದು ಕಾದೆ.

3-12-91

ನಿನ್ನೆ ಸಂಜೆ ನಡೆದದ್ದು. ಊಟಕ್ಕೆ ಕೂಡುವ ಮೊದಲೇ ಅಂದೆ.

"ನಿನ್ನ ಹೇಣ್ತಿ ಕಳ್ಳರಂಗ ಕೋಣಿ ಹೊಕ್ಕು ನನ್ನ ಕೆಲಸ ಕೆಡಸಾಕತ್ತಾಳ. ಕೋಣಿ ಬೇಕಂದ್ರ ಬಾಯಿಬಿಟ್ಟು ಕೇಳ್ರಿ. ಈ ಆಟ ಬ್ಯಾಡ."

ರೇವಪ್ಪ ಅವಳ ಮುಖ ನೋಡಿದ. ಅವಳು ಶಿವವ್ವನ ಮುಖ ನೋಡಿದಳು. ಶಿವವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದಳು. ಒಳಗೊಳಗೇ ಒಂದಾಗಿದ್ದಾರೆ ಎಂಬುದಕ್ಕೆ ಇನ್ನೇನು ಬೇಕು?

ಬೆಳಿಗ್ಗೆ ಇಂದ್ರವ್ವ ಚೀಲ ಹಿಡಿದು ಬನಹಟ್ಟಿ ಬಸ್ಸು ಹತ್ತಿದಳು. ತವರಿಗೆ. ನನಗೆ ಕಾಲುಮುಟ್ಟಿ ನಮಸ್ಕಾರ ಮಾಡಿಯೇ ಹೋದಳು. ಅದೂ ಒಂದು ನಾಟಕವೇ ಇರಬೇಕು.

9-12-91

ಬಾಲ ಮುಗಿಯಿತು. ಪೂರ್ತಿ ನಾನೊಬ್ಬನೇ ಮಾಡಿದ್ದು. ಯಾರೂ ಮುಟ್ಟಿಲ್ಲ, ಗುರುತುಗಳೆಲ್ಲ ಇದ್ದಲ್ಲೇ ಇವೆ. ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದ ಕೈ.

ರೇವಪ್ಪ ನನ್ನ ಕೂಡ ಮಾತು ಬಿಟ್ಟಿದ್ದಾನೆ. ತಾಟಿನ ಮುಂದೆ ಕುಳಿತು ಗೋಡೆ ನೋಡುತ್ತಾನೆ.

12-12-91, ಗುರುವಾರ

ದಶರಥ ರಿಸೀವರ್ ತಂದ. ಎಂಟು ದಿನ ಅಂದವನು ನಾಲ್ಕು ವಾರಕ್ಕೆ. ಬ್ಯಾಟರಿ ಸಲುವಾಗಿ ಬೆಳಗಾವಿಗೆ ಬರೆದಿದ್ದನಂತೆ, ರಸೀತಿ ತೋರಿಸಿದ. ಸರಿ.

ರೆಕ್ಕೆ, ಬಾಲ ಎಲ್ಲ ಕೂಡಿಸಿ ನೋಡೋಣ ಅಂದ. ಮೂತಿಯಿಂದ ಒಂದು ದಾರ ಎಳೆದು ಎಡರೆಕ್ಕೆಯ ತುದಿಗೆ, ಅದೇ ದಾರ ಬಲರೆಕ್ಕೆಯ ತುದಿಗೆ. ಸರಿಸಮ. ಆಮೇಲೆ ಬಾಲಕ್ಕೆ ಹಿಡಿದ. ಮತ್ತೊಮ್ಮೆ ಹಿಡಿದ.

"ಏನು?"

"ಬಾಲ ಮುಕ್ಕಾಲ ಇಂಚ ಸೊಟ್ಟ ಐತ್ರಿ ಮಾಸ್ತರ."

"ದಾರ ಜಗ್ಗಿರಬೇಕು."

"ಇಲ್ಲರಿ. ಕಣ್ಣಿಗೆ ಕಾಣ್ತೈತಲ್ಲ." ದಾರ ಸುತ್ತುತ್ತ ಅಂದ: "ರೆಕ್ಕಿ ಜೋಡಿಸಿದ ಕೈ ಬ್ಯಾರೆ, ಬಾಲ ಜೋಡಿಸಿದ ಕೈ ಬ್ಯಾರೆ ಅನಸ್ತೈತ್ರಿ."

ನನಗೆ ಕಾಣಲಿಲ್ಲ. ಬಾಗಿ ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ. ನೆಟ್ಟಗೇ ಇತ್ತು ನನಗೆ.

ಅದೇ ದಿನ, ಸಂಜೆ

ಶಿವವ್ವನನ್ನು ಕೂರಿಸಿ ಕೇಳಿದೆ. ಬಿಡಲಿಲ್ಲ. ಕಡೆಗೆ ಅತ್ತಳು.

"ನಿಮಗ ಕಣ್ಣ ಕಾಣವಲ್ಲವು. ತಾಟಿನ್ಯಾಗಿನ ಹರಳ ಸೈತ ಕಾಣಲಿಲ್ಲ ನಿಮಗ. ಮದಲ ನೋಡಿದಾಕಿ ಇಂದ್ರವ್ವ. ಮಾವಾರಿಗೆ ಹೇಳೂಣ್ರಿ ಅತ್ತಿ ಅಂದ್ಲು. ನಾನ ಬ್ಯಾಡ ಅಂದೆ. ಹೇಳಿದ್ರ ನೀವು ಕೆಲಸ ಬಿಟ್ಟು ಗ್ವಾಡಿ ನೋಡ್ಕೋತ ಕುಂದರ್ತೀರಿ ಅಂದೆ. ಸುಮ್ಮ ಸರಿಮಾಡಿ ಇಡವಾ ಅಂತ ಕೀಲಿಕೈ ಕೊಟ್ಟಾಕೀನೂ ನಾನ."

"ರೇವಪ್ಪಗ?"

"ಗೊತ್ತಿತ್ತು."

ಎಲ್ಲರಿಗೂ ಗೊತ್ತಿತ್ತು. ಹಿಂದೆ ಬಿದ್ದು ಪತ್ತೆ ಹಚ್ಚಿದವನಿಗೆ ಮಾತ್ರ ಗೊತ್ತಿರಲಿಲ್ಲ.

13-12-91

ಕಣ್ಣಿನ ಡಾಕ್ಟರು. ಎರಡೂ ಕಣ್ಣಿಗೆ ಪೊರೆ. ಇನ್ನೂ ಹಣ್ಣಾಗಿಲ್ಲ, ಆಪರೇಷನ್‌ಗೆ ಎರಡು ತಿಂಗಳು ಕಾಯಬೇಕಂತೆ. ಇವರೂ ಶಿವವ್ವನ ಮಾತು ಕೇಳಿ ಏನಾದರೂ ಮುಚ್ಚಿಡುತ್ತಿದ್ದಾರೋ ಎಂದು ಎರಡು ಸಲ ಕೇಳಿದೆ. ಡಾಕ್ಟರು ಸಿಟ್ಟಿಗೆದ್ದರು. ಹಾಗಾದರೆ ನಿಜ ಇರಬೇಕು.

15-12-91, ಭಾನುವಾರ

ಬನಹಟ್ಟಿಗೆ ಹೋಗಿ ಬಂದೆ. ಯಾರನ್ನೂ ಜೊತೆಗೆ ಕರೆಯಲಿಲ್ಲ.

ಓಣಿಯ ತುಂಬ ಮಗ್ಗದ ಸದ್ದು. ಬೀಗರು ಭೀಮಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದರು. ನೀರು ಕೊಟ್ಟರು. ಕೂಡ್ರಿ ಎಂದರು, ಅಷ್ಟೇ. ಒಳಗೆ ಇಂದ್ರವ್ವ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು. ಬೆರಳು ಆಡುವುದು ಕಾಣಲಿಲ್ಲ ನನಗೆ. ಕೆಲಸ ಮುಂದೆ ಹೋಗುವುದು ಮಾತ್ರ ಕಂಡಿತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಕಡೆಗೆ ಬಂದದ್ದು ಇಷ್ಟೇ.

"ಕಳ್ಳರಂಗ ಅಂದೆ ನಿನಗ. ತಪ್ಪಾತವಾ" ಎಂದೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು. ಲಗ್ನವಾಗಿ ಆರು ತಿಂಗಳು, ನನ್ನೆದುರು ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ.

"ನಂದೂ ತಪ್ಪೈತ್ರಿ ಮಾವಾರ. ಕದ್ದು ಮಾಡಬಾರದಿತ್ತು. ಎಲ್ಲಾರೂ ಕೂಡಿ ನಿಮ್ಮನ್ನ ಸಣ್ಣ ಹುಡುಗನ್ನ ಮಾಡಿದಂಗಾತು. ಆದ್ರ ನೀವಂದ ಮಾತ ನಾ ಲಗೂ ಮರಿಯಾಂಗಿಲ್ಲರಿ."

"ಮರೀಬ್ಯಾಡ. ಮನಿಗೆ ಬಾ."

ಭೀಮಪ್ಪನವರು ಕೆಮ್ಮಿದರು. "ವಿಚಾರ ಮಾಡಿ ಕಳಸ್ತೇವ್ರಿ ಬೀಗರ" ಎಂದರು.

ಒಬ್ಬನೇ ತಿರುಗಿ ಬಂದೆ. ತೇರದಾಳದ ಹತ್ತಿರ ಬಸ್ಸು ಕೆಟ್ಟು ಒಂದು ತಾಸು ನಿಂತಿತು. ಅವಳು ಬರುವುದಿಲ್ಲ ಎಂದೇ ಅನಿಸಿತ್ತು.

21-12-91

ಬಂದಳು. ರೇವಪ್ಪ ಹೋಗಿ ಕರೆತಂದ. ಅವನು ನನ್ನ ಕೂಡ ಇನ್ನೂ ಮಾತಾಡುತ್ತಿಲ್ಲ. ಮಧ್ಯಾಹ್ನ ಇಂದ್ರವ್ವ ಕೋಣೆಗೆ ಬಂದು ಬಾಗಿಲ ಹತ್ತಿರ ನಿಂತಳು. ನಾನು ಬಾಲ ಅವಳ ಕೈಗೆ ಕೊಟ್ಟೆ.

5-1-92, ಭಾನುವಾರ

ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರು. ಟೆಂಪೊದಲ್ಲಿ ಎಲ್ಲರೂ. ವಿಮಾನ ಇಂದ್ರವ್ವನ ತೊಡೆಯ ಮೇಲೆ. ನೀರು ತಾಟಿನಂತೆ ಸಪಾಟು.

ದಶರಥ ಇಂಜಿನ್ ಚಾಲೂ ಮಾಡಿ ನೀರಿಗೆ ಬಿಟ್ಟ. ದೂರದಿಂದ ಅದನ್ನು ನಡೆಸುವ ಟ್ರಾನ್ಸ್‌ಮಿಟರ್ ನನ್ನ ಕೈಯಲ್ಲಿ. ಬೆಳ್ಳಗೆ ನೀರು ಸೀಳುತ್ತ ಹೋದದ್ದು ಕಂಡಿತು. ಎದ್ದದ್ದು ಕಂಡಿತು. ಆಮೇಲೆ ಬರೀ ಸದ್ದು.

"ಎಡಕ್ಕರಿ" ಅನ್ನುತ್ತಿದ್ದಳು ಇಂದ್ರವ್ವ, ಪಕ್ಕದಲ್ಲಿ ನಿಂತು. "ಇನ್ನ ಸ್ವಲ್ಪ. ಸಾಕ್ರಿ. ಮ್ಯಾಲಕ್ಕ." ಎರಡು ಸುತ್ತು ಬಂತು. ಮೂರನೆಯದರಲ್ಲಿ ಗಾಳಿ ಬೀಸಿತು. ಸದ್ದು ನಿಂತಿತು.

"ಏನಾತು?"

"ಇಳದೈತ್ರಿ, ಛಲೋ ಇಳದೈತಿ" ಅಂದಳು ಶಿವವ್ವ, ಥಟ್ಟನೆ. ರೇವಪ್ಪನೂ "ಹೂಂ ಅಪ್ಪಾ" ಅಂದ. ದಶರಥ ಬೇರೆ ಕಡೆ ನೋಡುತ್ತಿದ್ದ.

"ಖರೆ ಹೇಳವಾ ಇಂದ್ರವ್ವ."

"ಇಲ್ಲರಿ ಮಾವಾರ. ಬಲಕ್ಕ ಹೊರಳಿ ನೀರಿಗೆ ಬಿತ್ತು. ಒಂದ ರೆಕ್ಕಿ ಮುರದೈತಿ. ನಾ ಎಡಕ್ಕ ಅನ್ನೂದು ತಡಾ ಆತು."

ದಡದಲ್ಲಿ ಕುಳಿತುಬಿಟ್ಟೆ. ದುಃಖ ಆಗಬೇಕಿತ್ತು, ಆಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಒಬ್ಬರ ಮಾತನ್ನು ಪರೀಕ್ಷೆ ಮಾಡದೆ ನಂಬಿದ್ದೆ. ಮೀನುಗಾರರು ಹರಗೋಲು ತಿರುವಿ ವಿಮಾನ ತಂದುಕೊಟ್ಟರು.

6-1-92

ಬಲರೆಕ್ಕೆಯ ಮೂರು ರಿಬ್ ಹೋಗಿವೆ. ರೇವಪ್ಪ ಬೆಳಿಗ್ಗೆ ತಾನಾಗಿಯೇ ಬಂದು ಮಾತಾಡಿಸಿದ. ಕೋಣೆಯ ಮಾತು ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೋ, ಸ್ವಲ್ಪ ಗಮನ ಇಡಬೇಕು. ಇಂದ್ರವ್ವ ಹೊಸ ಪಟ್ಟಿ ಕೊರೆದಿದ್ದಾಳೆ. ಅಂಟು ಹಚ್ಚಿಯಾಗಿದೆಯಂತೆ, ಒತ್ತಿ ಹಿಡಿಯಲು ಇನ್ನೊಂದು ಕೈ ಬೇಕಂತೆ, ಎರಡು ಸಲ ಕರೆದಳು. ಬರೆಯುತ್ತಿದ್ದೇನೆ ಅಂದರೆ, "ಅಂಟು ಒಣಗಾಕತ್ತೈತ್ರಿ ಮಾವಾರ, ಆ ವಹಿ ಆಮ್ಯಾಲೆ ಬರೀರಿ" ಅಂದಳು. ಎದ್ದೆ.