ಆಟೋ ಹತ್ತದ ಚೇತನ

ಚಿಪ್ಪಗಿರಿ ಹತ್ತಿರದ ನಮ್ಮೂರಿನಿಂದ
ಜನವರಿ 23

ಪ್ರೀತಿಯ ಅವ್ವಗೆ,

ನಿನ್ನ ಮಗಳು ಭುವನಾ ಮಾಡುವ ನಮಸ್ಕಾರ. ಗುಂಟೂರಿನ ಮೆಣಸಿನಕಾಯಿ ಘಾಟಿಗೆ ನಿನ್ನ ಕೆಮ್ಮು ಜಾಸ್ತಿಯಾಗಿದೆ ಎಂದು ಮೌಲಾಲಿ ಮಾವ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನೆಲ್ಲಿ ಕೇಳುತ್ತೀಯ! ಮಾವ ನಾಳೆ ಮತ್ತೆ ಅಲ್ಲಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಫೋನಿನಲ್ಲಾದರೆ ತಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಾನೆ.

ನೀನೂ ಅಪ್ಪನೂ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೊರಡುವಾಗ ಹೇಳಿದ್ದು ಒಂದೇ ಮಾತು, ಇಬ್ಬರಲ್ಲಿ ಒಬ್ಬರ ಶಾಲೆಯೂ ತಪ್ಪಬಾರದು ಎಂದು. ಚೇತನನನ್ನು ಪಕ್ಕದೂರಿನ ಶಾಲೆಗೆ ಬಿಡು ಎಂದು ಆಟೋ ಶ್ರೀರಾಮುಲುಗೆ ಹೇಳಿ ಹೋದೆಯಲ್ಲ, ಅದು ಹತ್ತಿ ಬಿಡಿಸುವವರನ್ನು ಹೊಲಕ್ಕೆ ಒಯ್ಯುವ ಆಟೋ ಎಂಬುದನ್ನೇ ಮರೆತೆ. ಶಾಲೆ ಬಂದರೂ ಅವನು ನಿಲ್ಲಿಸಲಿಲ್ಲ, ಇವನೂ ಇಳಿಯಲಿಲ್ಲ. ವಾರವೆಲ್ಲ ಹೊಲದಲ್ಲೇ ಇದ್ದನಂತೆ. ಮೇಷ್ಟ್ರು ಕೇಳಿದಾಗಲೇ ನನಗೆ ತಿಳಿದದ್ದು. ಶ್ರೀರಾಮುಲುವನ್ನು ನಿಲ್ಲಿಸಿ ಕೇಳಿದರೆ, "ಸೀಜನ್ ಐತಲ್ಲವ್ವಾ, ಎಲ್ಲಾರ ಮಕ್ಕಳೂ ಬರ್ತಾವು. ಇವನೊಬ್ಬ ಬಂದ್ರ ಏನಾತು?" ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತಿನಿಂದ ಆಟೋ ಬಂದ್. ನಡೆದೇ ಹೋಗುತ್ತೇವೆ. ಮೊದಮೊದಲು ಚೇತನ ಕಾಲು ನೋವೆಂದು ಹಳ್ಳದ ದಂಡೆಯಲ್ಲಿ ಕೂತುಬಿಡುತ್ತಿದ್ದ. ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಗೆ ನಡೆದಾಗ ನೋಯದ ಕಾಲು ಶಾಲೆಗೆ ಅಂದರೆ ನೋಯುತ್ತದೇನೋ ಎಂದು ರೇಗಿಸಿದೆ. ಈಗ ಅವನದೇ ಮುಂದಾಳತ್ವ. ಬೆಳಿಗ್ಗೆ ಓಣಿಯ ಹುಡುಗರಾದ ಲಾವಣ್ಯ, ಆಂಜಿನೇಯರ ಮನೆ ಮುಂದೆ ನಿಂತು "ಏಳ್ರೋ, ಆಟೋ ಬರೋದ್ರೊಳಗ ಹಳ್ಳ ದಾಟಬೇಕು" ಎಂದು ಕೂಗುತ್ತಾನೆ. ಆ ವಾರದ ಮೇಲೆ ನಿನ್ನ ಮಗ ಒಂದು ದಿನವೂ ಶಾಲೆ ತಪ್ಪಿಸಿಲ್ಲ ಅವ್ವಾ. ನೀನು ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದೆ.

ಅಜ್ಜಿ ಆರಾಮಿದ್ದಾಳೆ, ಮೊಣಕಾಲು ಒಂದಿಷ್ಟು ಬಾತಿದೆ ಅಷ್ಟೆ. ನಾನೂ ಆರಾಮು. ತಮ್ಮನನ್ನು ಗೇಟಿನವರೆಗೆ ಬಿಟ್ಟು ನಾನು ಮುಂದೆ ಹೋಗುತ್ತೇನೆ, ನಮ್ಮ ಹೈಸ್ಕೂಲು ದೂರವಲ್ಲವೇ.

ನಿನ್ನ ಮಗಳು,
ಭುವನಾ

ತಾ.ಕ.: ನಿನಗೆ ಸುಳ್ಳು ಬರೆದು ನಿದ್ದೆ ಬರುವುದಿಲ್ಲ. ಅಜ್ಜಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಾಳೆ. "ಗುಂಪಿನಾಗ ನಿಮ್ಮಜ್ಜಿ ಗಾದಿಲಿಂಗಮ್ಮನ ಬದಲಿ ಯಾರರೆ ಒಬ್ರು ಬರಬೇಕು, ಇಲ್ಲಂದ್ರ ಹುಡುಗನ್ನ ಕಳಿಸ್ರಿ" ಎಂದಳು ಹತ್ತಿ ಬಿಡಿಸುವ ಗುಂಪಿನ ಮೇಸ್ತ್ರಿ ಉಚ್ಚಮ್ಮ. ನಾನು ಹೋಗುತ್ತಿದ್ದೇನೆ. ತಮ್ಮನಿಗೆ ಗೊತ್ತಾಗಬಾರದೆಂದು ಯೂನಿಫಾರ್ಮಿನಲ್ಲೇ ಹೋಗುತ್ತೇನೆ. ಅದರ ತೋಳು ಗಿಡ್ಡ, ಹತ್ತಿಕಾಯಿಯ ಸಿಪ್ಪೆ ಕೈಯೆಲ್ಲ ಗೀರುತ್ತದೆ. ಮಾವನ ಕೈಯಲ್ಲಿ ಅಪ್ಪನ ತುಂಬುತೋಳಿನ ಹಳೇ ಅಂಗಿ ಒಂದು ಕಳಿಸು. ಶ್ರೀರಾಮುಲುವನ್ನು ಬೈಯಬೇಡ. ಚೇತನ ಗೇಟಿನ ಒಳಗೆ ಹೋಗುವ ತನಕ ಆಟೋವನ್ನು ಬೇವಿನ ಮರದ ಮರೆಯಲ್ಲೇ ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಾನೆ.