ಕಿರ್ರೆನ್ನುವ ಜೋಡು

ಮಹಾಬಳೇಶ್ವರ, ಮೇ 1978

ಅಕ್ಕಾ ನೀಲವ್ವ, ಜೈಭೀಮ್!

ಸುಡುವ ಬೇಸಿಗೆಯಲ್ಲೂ ಇಲ್ಲಿ ಜನ ಸ್ವೆಟರ್ ಹಾಕುತ್ತಾರೆ! ನಾನು ಚಪ್ಪಲಿ ಹೊಲಿಯುವ ಅಂಗಡಿ ನಮ್ಮ ಒಲೆಯ ಮೂಲೆಯಷ್ಟೇ ಇದೆ. ಮಾಲೀಕರು ಚಡಚಣದ ತುಕಾರಾಮ ಕಾಕಾ. ಸೀಜನ್ ಬೇರೆ, ಗಿರಾಕಿಗಳ ನೂಕುನುಗ್ಗಲು.

ನಿನ್ನೆ ಪುಣೆಯ ಒಬ್ಬ ಹೆಂಗಸು ನಾನು ಹೊಲಿದ ಜೋಡು ಮೆಟ್ಟಿ ನಡೆದು ನೋಡಿ, ಕಿರ್ ಎನ್ನುವುದಿಲ್ಲವೆಂದು ವಾಪಸು ಎಸೆದಳು. ಕಾಕಾ ನನ್ನ ಮೇಲೆ ಹರಿಹಾಯ್ದರು.

“ತಳದ ಎರಡು ಅಟ್ಟಿ ನಡುವ ಸಪ್ಪಳದ ಬೀಜ ಯಾಕ ಇಟ್ಟಿಲ್ಲೋ?”

“ಹೆಣ್ಮಕ್ಕಳ ಜೋಡಲ್ರೀ ಕಾಕಾ. ಸಪ್ಪಳಾದ್ರ ಗೌಡ್ರು…”

“ಹುಚ್ಚಪ್ಯಾಲಿ! ಇಲ್ಲಿ ಯಾವ ಗೌಡ ಕುಂತಾನೋ? ರೊಕ್ಕ ಕೊಡಾಕಿ ಆಕಿ, ಸಪ್ಪಳಾನೂ ಆಕೀದೇ!”

ಅಂಗಡಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಮೈ ಉರಿಯಿತು. ನಮ್ಮೂರಲ್ಲಿ ಕಿರ್ರೆನ್ನುವ ಜೋಡು ಗೌಡನೊಬ್ಬನಿಗೇ. ಅದನ್ನು ಹೊಲಿದುಕೊಟ್ಟ ನಾವು ಅವನ ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕು. ಆ ಹೆದರಿಕೆ ಇಷ್ಟು ದೂರ ನನ್ನ ಕೈಯಲ್ಲೇ ಕೂತು ಬಂದಿದೆಯಲ್ಲ!

ಇವತ್ತು ನಿನಗೊಂದು ಜೋಡು ಹೊಲಿದು ಪಾರ್ಸೆಲ್ ಮಾಡಿದೆ. ಬೀಜ ಹೆಚ್ಚೇ ಇಟ್ಟಿದ್ದೇನೆ, ಗಾಣದ ಹಾಗೆ ಕಿರುಗುಡುತ್ತದೆ! ಆದರೆ ಒಬ್ಬಳೇ ಮೆಟ್ಟಿಕೊಂಡು ವಾಡೆಯ ಕಡೆ ಹೋಗಬೇಡ, ಹೊಡೆದಾರು. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲರ ಪಾದದ ಅಳತೆ ದಾರದಲ್ಲಿ ಹಿಡಿದು ಬೇಗ ಕಳಿಸು. ಎಲ್ಲರಿಗೂ ಹೊಲಿಯುತ್ತೇನೆ, ಎಲ್ಲರೂ ಕೂಡಿಯೇ ದಾಟಿರಿ. ನನ್ನ ಕೆಮ್ಮು ಹೋಗಿದೆ, ಚಿಂತೆ ಬೇಡ. ಬೇಕೆಂದೇ ಪಾಕೀಟು ಬಿಟ್ಟು ತೆರೆದ ಅಂಚೆ ಕಾರ್ಡಿನಲ್ಲಿ ಬರೆದಿದ್ದೇನೆ. ಊರ ಟಪಾಲೆಲ್ಲ ವಾಡೆಯ ಕೈದಾಟಿಯೇ ಬರುತ್ತದಲ್ಲ, ವಾಡೆಯವರೂ ಓದಿಕೊಳ್ಳಲಿ.

ನಿನ್ನ ತಮ್ಮ,
ಚಂದ್ರಾಮ